ಸೈಕಾಲಜಿಯ ನಾಲ್ಕು ಪಾಠ ಓದುವ ಕ್ರಮ: ಮೊದಲು ಘಟನೆ, ಕೊನೆಗೆ ಹೆಸರು

ಕಲಿಕೆ, ನೆನಪು, ವ್ಯಕ್ತಿತ್ವ, ಮಾನಸಿಕ ಅಸ್ವಸ್ಥತೆ. ಬಿಎ ಮೊದಲ ವರ್ಷದವರು, ಬಿಎಡ್‌ನವರು, ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಬರೆಯುವವರು ಎಲ್ಲರೂ ಎಡವುವುದು ಈ ನಾಲ್ಕು ಪಾಠಗಳಲ್ಲೇ. ಓದದೆ ಎಡವುತ್ತಾರೆ ಅಂತಲ್ಲ, ಚೆನ್ನಾಗಿಯೇ ಓದಿರುತ್ತಾರೆ. 'ಋಣಾತ್ಮಕ ಪುನರ್ಬಲನ ಎಂದರೇನು' ಅಂತ ಕೇಳಿದರೆ ಪುಸ್ತಕದಲ್ಲಿದ್ದ ಹಾಗೇ ಒಪ್ಪಿಸುತ್ತಾರೆ. ಅದನ್ನೇ ತಿರುಗಿಸಿ, 'ಕಾರಿನ ಬೀಪ್ ಸದ್ದು ನಿಲ್ಲಲಿ ಅಂತ ಒಬ್ಬ ಸೀಟ್ ಬೆಲ್ಟ್ ಹಾಕಿಕೊಂಡ, ಇದು ಯಾವುದು' ಅಂತ ಕೇಳಿದರೆ 'ಶಿಕ್ಷೆ' ಅಂತ ಗುರುತು ಹಾಕಿ ಬರುತ್ತಾರೆ. ಸರಿ ಉತ್ತರ ಋಣಾತ್ಮಕ ಪುನರ್ಬಲನವೇ: ಬೇಡದ್ದು ಹೋಯಿತು ಅಂತ ವರ್ತನೆ ಜಾಸ್ತಿ ಆಗುವುದು.

ಸಂಜೆ ಪಾಠಕ್ಕೆ ಬರುವವರ ಉತ್ತರಗಳನ್ನು ತಿದ್ದಿ ತಿದ್ದಿ ನನಗೆ ಗೊತ್ತಾಗಿದ್ದು ಇಷ್ಟು. ಇವರು ಮೊದಲು ಹೆಸರು ಕಲಿಯುತ್ತಾರೆ, ಆಮೇಲೆ ಅದಕ್ಕೆ ತಕ್ಕ ಘಟನೆ ಹುಡುಕುತ್ತಾರೆ. ಅದು ಉಲ್ಟಾ. ಮೊದಲು ಘಟನೆ ನೋಡಬೇಕು, ಅದಕ್ಕೆ ಮೂರ್ನಾಲ್ಕು ಪ್ರಶ್ನೆ ಕೇಳಬೇಕು, ಹೆಸರು ತಾನಾಗಿಯೇ ಕೊನೆಗೆ ಬರುತ್ತದೆ. ಕೆಳಗಿನ ಎಲ್ಲ ಹಂತಗಳಲ್ಲೂ ಮಾಡುವುದು ಇದನ್ನೇ.

ಶುರು ಮಾಡುವ ಮೊದಲು ಏನೇನು ಬೇಕು

200 ಪುಟದ ಒಂದು ನೋಟ್‌ಬುಕ್, ಪೆನ್, ಗೋಡೆ ಕ್ಯಾಲೆಂಡರ್, ಸುಮಾರು ನೂರು ಚೀಟಿ. ಚೀಟಿಗೆ ದುಡ್ಡು ಹಾಕಬೇಡಿ. ಮನೆಯಲ್ಲಿರುವ ಹಳೇ ಮದುವೆ ಕಾರ್ಡುಗಳನ್ನು ಕತ್ತರಿಸಿ, ಒಂದು ಬದಿ ಖಾಲಿ ಸಿಕ್ಕರೆ ಸಾಕು. ಆ ಖಾಲಿ ಬದಿಯಲ್ಲಿ ಒಂದು ಘಟನೆ ಬರೆದು ನಂಬರ್ ಹಾಕಿ. ಉತ್ತರವನ್ನು ಚೀಟಿಯಲ್ಲಿ ಬರೆಯಬೇಡಿ, ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಅದೇ ನಂಬರಿನ ಎದುರು ಬರೆಯಿರಿ. ಆಗ ಚೀಟಿ ತಿರುಗಿಸಿ ಇಣುಕಿ ನೋಡುವ ಆಸೆ ಬರುವುದಿಲ್ಲ.

ಹೈಲೈಟರ್ ಬೇಡ. ಬಣ್ಣ ಬಳಿದ ಸಾಲು ಪರಿಚಿತವಾಗಿ ಕಾಣುತ್ತದೆ, ಪರಿಚಯ ಇದೆ ಅಂದ ಮಾತ್ರಕ್ಕೆ ನೆನಪಿದೆ ಅಂತ ಅಲ್ಲ.

ಇನ್ನೊಂದು ಕೆಲಸ ಮೊದಲ ದಿನವೇ ಮಾಡಿ. ನೋಟ್‌ಬುಕ್ಕಿನ ಮೊದಲ ಎರಡು ಪುಟ 'ಪದಗಳ ಪುಟ' ಆಗಲಿ. ನಮ್ಮ ಕನ್ನಡ ಪುಸ್ತಕಗಳಲ್ಲಿ ಒಂದೇ ವಿಷಯಕ್ಕೆ ಎರಡು ಮೂರು ಹೆಸರು ಇವೆ. ಕ್ಲಾಸಿಕಲ್ ಕಂಡೀಷನಿಂಗ್‌ಗೆ ಒಬ್ಬರು 'ಅಭಿಜಾತ ಅನುಬಂಧನ' ಅಂತಾರೆ, ಇನ್ನೊಬ್ಬರು 'ಶಾಸ್ತ್ರೀಯ ಅನುಬಂಧನ' ಅಂತಾರೆ (ಎರಡು ವಿಷಯ ಜೊತೆಜೊತೆಗೆ ಬಂದು ಬಂದು ಆಗುವ ಕಲಿಕೆ). ಇವು ಎರಡು ಬೇರೆ ಸಿದ್ಧಾಂತ ಅಂದುಕೊಂಡು ಎರಡನ್ನೂ ಬೇರೆ ಬೇರೆ ಬಾಯಿಪಾಠ ಮಾಡಿದವರನ್ನು ನಾನು ನೋಡಿದ್ದೇನೆ. ಇಂಗ್ಲಿಷ್ ಪದ ಒಂದು ಕಡೆ, ಸಿಕ್ಕ ಕನ್ನಡ ಪದಗಳೆಲ್ಲ ಅದರ ಎದುರಿಗೆ. ಹೊಸ ಪುಸ್ತಕ ತೆರೆದಾಗಲೆಲ್ಲ ಈ ಪುಟಕ್ಕೆ ಸೇರಿಸುತ್ತಾ ಹೋಗಿ.

ಹಂತ 1. ಪಾಠಗಳ ಕ್ರಮ ಬದಲಿಸಿ

ಸಿಲೆಬಸ್ಸಿನ ಕ್ರಮದಲ್ಲಿ ಓದಬೇಡಿ. ಮೊದಲು ನೆನಪಿನ ಪಾಠ ತೆಗೆದು ಅದರಲ್ಲಿ 'ಮರೆವು' ಅನ್ನುವ ಭಾಗವನ್ನಷ್ಟೇ ಓದಿ, ಅರ್ಧ ಗಂಟೆ ಸಾಕು. ಹೇಗೆ ಓದಬೇಕು ಅನ್ನುವುದು ಅಲ್ಲೇ ಇದೆ. ಆಮೇಲೆ ಕಲಿಕೆ, ಆಮೇಲೆ ನೆನಪಿನ ಉಳಿದ ಭಾಗ, ನಂತರ ವ್ಯಕ್ತಿತ್ವ, ಎಲ್ಲಕ್ಕಿಂತ ಕೊನೆಗೆ ಅಸ್ವಸ್ಥತೆ. ಯಾಕೆಂದರೆ ಫೋಬಿಯಾ (ಅತಿಯಾದ ಭಯ) ಹೇಗೆ ಬರುತ್ತದೆ ಅನ್ನುವುದಕ್ಕೆ ಅನುಬಂಧನ ಗೊತ್ತಿರಬೇಕು, ಗೀಳು ಯಾಕೆ ಬಿಡುವುದಿಲ್ಲ ಅನ್ನುವುದಕ್ಕೆ ಪುನರ್ಬಲನ ಗೊತ್ತಿರಬೇಕು.

ಆ ಅರ್ಧ ಗಂಟೆಯಲ್ಲಿ ಎರಡು ವಿಷಯ ಹಿಡಿದುಕೊಳ್ಳಿ. ಒಂದು, ಎಬ್ಬಿಂಗ್‌ಹೌಸ್. ಈ ಜರ್ಮನ್ ಮನಶ್ಶಾಸ್ತ್ರಜ್ಞ ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಕಲಿತು ತಾನೇ ಪರೀಕ್ಷಿಸಿಕೊಂಡು 1885ರಲ್ಲಿ ಪ್ರಕಟಿಸಿದ. ಒಂದು ಗಂಟೆಯ ನಂತರ ಸುಮಾರು 44%, ಒಂದು ದಿನದ ನಂತರ ಸುಮಾರು 34%, ಒಂದು ತಿಂಗಳ ನಂತರ ಸುಮಾರು 21%. ಇದು 'ಎಷ್ಟು ನೆನಪಿತ್ತು' ಅನ್ನುವ ಲೆಕ್ಕ ಅಲ್ಲ, ಅದನ್ನೇ ಮತ್ತೆ ಕಲಿಯುವಾಗ ಎಷ್ಟು ಸಮಯ ಉಳಿತಾಯ ಆಯಿತು ಅನ್ನುವ ಲೆಕ್ಕ. ಇಲ್ಲಿ ತುಂಬಾ ಜನ ತಪ್ಪು ಬರೆಯುತ್ತಾರೆ. ಅಂಕಿಗಳಿಗಿಂತ ಗ್ರಾಫಿನ ಗೆರೆಯ ಆಕಾರ ಮುಖ್ಯ: ಮೊದಲು ಧಡಕ್ಕನೆ ಇಳಿಯುತ್ತದೆ, ಆಮೇಲೆ ನಿಧಾನವಾಗುತ್ತದೆ.

ಇನ್ನೊಂದು, ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗ. ಒಂದು ಗುಂಪು ಪಠ್ಯವನ್ನು ಎರಡು ಸಲ ಓದಿತು. ಇನ್ನೊಂದು ಗುಂಪು ಒಂದು ಸಲ ಓದಿ, ಎರಡನೇ ಸಲ ಪುಸ್ತಕ ನೋಡದೆ ನೆನಪಿದ್ದನ್ನು ಬರೆಯಿತು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಎರಡು ಸಲ ಓದಿದವರೇ ಮುಂದೆ, 81%ಗೆ 75%. ಒಂದು ವಾರ ಬಿಟ್ಟು ನೋಡಿದರೆ ಬರೆದವರು 56%, ಓದಿದವರು 42%. 'ಈಗಷ್ಟೇ ಓದಿದೆ, ಎಲ್ಲ ಬರುತ್ತೆ' ಅಂತ ಅನ್ನಿಸುತ್ತದಲ್ವಾ, ಆ ಐದು ನಿಮಿಷದ ಧೈರ್ಯವನ್ನು ನಂಬಬೇಡಿ.

ಆದ್ದರಿಂದ ನಿಯಮ ಹೀಗೆ: ಒಂದು ಉಪಶೀರ್ಷಿಕೆಯಷ್ಟು ಓದಿ, ಪುಸ್ತಕ ಮುಚ್ಚಿ, ಗೊತ್ತಿದ್ದಷ್ಟು ಬರೆಯಿರಿ, ತೆರೆದು ಸರಿಪಡಿಸಿ. ಕ್ಯಾಲೆಂಡರಿನಲ್ಲಿ ಆ ಭಾಗದ ಹೆಸರನ್ನು ಮರುದಿನ, ನಾಲ್ಕನೇ ದಿನ, ಹತ್ತನೇ ದಿನ, ಇಪ್ಪತ್ತೈದನೇ ದಿನದ ಚೌಕಗಳಲ್ಲಿ ಬರೆದಿಡಿ. ಆ ದಿನ ಮತ್ತೆ ಓದುವುದಲ್ಲ, ಮತ್ತೆ ನೋಡದೆ ಬರೆಯುವುದು. ದಿನಗಳು ಒಂದೆರಡು ಹಿಂದೆ ಮುಂದೆ ಆದರೆ ಪರವಾಗಿಲ್ಲ.

ಹಂತ 2. ಪಾವ್ಲೋವ್: ಮೊದಲು ಕಲಿಯದ್ದನ್ನು ಹುಡುಕಿ

ನಾಯಿ, ಗಂಟೆ, ಜೊಲ್ಲು ಎಲ್ಲರಿಗೂ ಗೊತ್ತು: ಊಟದ ಜೊತೆ ಗಂಟೆ ಬಾರಿಸಿ ಬಾರಿಸಿ, ಕೊನೆಗೆ ಗಂಟೆ ಸದ್ದೊಂದಕ್ಕೇ ನಾಯಿಗೆ ಜೊಲ್ಲು ಬಂತು. ನಾಯಿ ಬಿಟ್ಟು ಬೇರೆ ಉದಾಹರಣೆ ಕೊಟ್ಟ ತಕ್ಷಣ ನಾಲ್ಕು ಪದಗಳು ಕಲಸಿಹೋಗುತ್ತವೆ. ಅದಕ್ಕೆ ಪ್ರಶ್ನೆಗಳನ್ನು ಈ ಕ್ರಮದಲ್ಲೇ ಕೇಳಿ.

ಮೊದಲನೆಯದು: ಯಾರೂ ಕಲಿಸದೆ, ಹುಟ್ಟಿದಾಗಿನಿಂದಲೇ ದೇಹ ಯಾವುದಕ್ಕೆ ಹೀಗೆ ಮಾಡುತ್ತದೆ? ಅದು ಅನನುಬಂಧಿತ ಪ್ರಚೋದನೆ, ದೇಹ ಮಾಡಿದ್ದು ಅನನುಬಂಧಿತ ಪ್ರತಿಕ್ರಿಯೆ. ಎರಡನೆಯದು: ಮೊದಲು ಯಾವ ಪರಿಣಾಮವೂ ಇಲ್ಲದಿದ್ದದ್ದು, ಜೊತೆಗೆ ಬಂದು ಬಂದು, ಈಗ ಅದೊಂದೇ ಸಾಕಾಗುವಂತೆ ಆಗಿದ್ದು ಯಾವುದು? ಅದು ಅನುಬಂಧಿತ ಪ್ರಚೋದನೆ. ಅದೊಂದಕ್ಕೇ ಬರುವ ಪ್ರತಿಕ್ರಿಯೆ ಅನುಬಂಧಿತ ಪ್ರತಿಕ್ರಿಯೆ.

ಈಗ ಹುಣಸೆಹಣ್ಣು ತೆಗೆದುಕೊಳ್ಳಿ. ನೋಡಿದರೆ ಬಾಯಲ್ಲಿ ನೀರು. ತರಗತಿಯಲ್ಲಿ ಮುಕ್ಕಾಲು ಪಾಲು ಜನ 'ಹುಣಸೆಹಣ್ಣು ನೋಡುವುದು ಅನನುಬಂಧಿತ' ಅಂತ ಬರೆಯುತ್ತಾರೆ. ಒಮ್ಮೆಯೂ ಹುಣಸೆ ತಿನ್ನದ ಎಳೆ ಮಗುವಿಗೆ ತೋರಿಸಿದರೆ ಬಾಯಲ್ಲಿ ನೀರು ಬರುತ್ತಾ? ಬರಲ್ಲ. ನಾಲಿಗೆ ಮೇಲೆ ಇಟ್ಟರೆ ಬರುತ್ತದೆ. ಹಾಗಾದರೆ ನಾಲಿಗೆ ಮೇಲಿನ ಹುಳಿ ಅನನುಬಂಧಿತ, ಕಣ್ಣಿಗೆ ಕಾಣುವ ಹಣ್ಣು ಅನುಬಂಧಿತ. ಈ ಸಾಲು ಓದುವಾಗ ನಿಮಗೆ ಬಾಯಲ್ಲಿ ನೀರು ಬಂದಿದ್ದರೆ 'ಹುಣಸೆ' ಅನ್ನುವ ಪದವೂ ಅನುಬಂಧಿತ ಪ್ರಚೋದನೆಯೇ.

ಇಂಜೆಕ್ಷನ್ ಚುಚ್ಚಿಸಿಕೊಂಡ ಮಗು ಮುಂದಿನ ಸಲ ಬಿಳಿ ಕೋಟು ಕಂಡರೇ ಅಳುತ್ತದೆ. ಇಲ್ಲಿ ಎರಡು ಅಳು ಇವೆ. ಸೂಜಿಗೆ ಅತ್ತಿದ್ದು ಅನನುಬಂಧಿತ, ಕೋಟಿಗೆ ಅತ್ತಿದ್ದು ಅನುಬಂಧಿತ. ಅಳು ನೋಡಲು ಒಂದೇ ಥರ ಇರುವುದರಿಂದ ಒಂದೇ ಹೆಸರು ಕೊಟ್ಟುಬಿಡುತ್ತಾರೆ. ಪ್ರತಿಕ್ರಿಯೆಯನ್ನು ನೋಡಿ ಹೆಸರಿಡಬೇಡಿ, ಯಾವುದಕ್ಕೆ ಬಂತು ಅನ್ನುವುದನ್ನು ನೋಡಿ ಇಡಿ. ವಾಟ್ಸನ್ ಮತ್ತು ರೇನರ್ 1920ರಲ್ಲಿ ವರದಿ ಮಾಡಿದ ಪುಟ್ಟ ಆಲ್ಬರ್ಟ್‌ನ ಪ್ರಯೋಗವನ್ನೂ (ಆ ಮಗುವಿಗೆ ಬಿಳಿ ಇಲಿಯ ಜೊತೆಗೇ ಹೆದರಿಸುವ ಸದ್ದು ಕೇಳಿಸುತ್ತಿದ್ದರು) ಹೀಗೇ ಬಿಡಿಸಿ: ಉಕ್ಕಿನ ಸರಳಿಗೆ ಬಡಿದ ದೊಡ್ಡ ಸದ್ದು ಕಲಿಯದ್ದು, ಬಿಳಿ ಇಲಿ ಕಲಿತದ್ದು, ಆಮೇಲೆ ಮೊಲಕ್ಕೂ ಹೆದರಿದ್ದು ಸಾಮಾನ್ಯೀಕರಣ (ಅದೇ ಥರದ್ದಕ್ಕೂ ಹರಡುವುದು).

ಎಚ್ಚರಿಕೆಯ ಗುರುತು: ನಿಮ್ಮ ಉತ್ತರದಲ್ಲಿ ಆ ಪ್ರಾಣಿ ಅಥವಾ ಮನುಷ್ಯ ಏನೋ ಸಿಗಲಿ ಅಂತ ಬೇಕೆಂದೇ ಮಾಡಿದ ಕೆಲಸ ಬಂದಿದ್ದರೆ ನೀವು ಪಾವ್ಲೋವ್ ಬಿಟ್ಟು ಸ್ಕಿನ್ನರ್ ಮನೆಗೆ ಹೋಗಿದ್ದೀರಿ ಅಂತ ಅರ್ಥ. ಇನ್ನೊಂದು, ಗಂಟೆ ಬಾರಿಸಿ ಬಾರಿಸಿ ಊಟ ಕೊಡದಿದ್ದರೆ ಜೊಲ್ಲು ನಿಲ್ಲುತ್ತದೆ, ಇದಕ್ಕೆ 'ಮರೆತುಹೋಯಿತು' ಅಂತ ಬರೆಯಬೇಡಿ. ಸ್ವಲ್ಪ ಹೊತ್ತು ಬಿಟ್ಟು ಗಂಟೆ ಬಾರಿಸಿದರೆ ಜೊಲ್ಲು ಮತ್ತೆ ಬರುತ್ತದೆ. ಮರೆತಿದ್ದರೆ ಬರುತ್ತಿರಲಿಲ್ಲ.

ಹಂತ 3. ಸ್ಕಿನ್ನರ್‌ನ ನಾಲ್ಕು ಮನೆ

ಸ್ಕಿನ್ನರ್ ಹೇಳಿದ್ದು, ಮಾಡಿದ ಕೆಲಸದ ಪರಿಣಾಮದಿಂದ ಆಗುವ ಕಲಿಕೆ. ಅತಿ ಹೆಚ್ಚು ಅಂಕ ಹೋಗುವುದು ಇಲ್ಲೇ. ಹಾಗಾಗಿ ಇದಕ್ಕೆ ಎರಡು ದಿನ ಕೊಡಿ.

ನೋಟ್‌ಬುಕ್ಕಿನಲ್ಲಿ ಒಂದು ಚೌಕ ಎಳೆದು ನಾಲ್ಕು ಮನೆ ಮಾಡಿ. ಮೇಲೆ ಎರಡು ತಲೆಬರಹ: 'ಏನೋ ಬಂತು', 'ಏನೋ ಹೋಯಿತು'. ಪಕ್ಕದಲ್ಲಿ ಎರಡು: 'ವರ್ತನೆ ಜಾಸ್ತಿ ಆಯಿತು', 'ವರ್ತನೆ ಕಡಿಮೆ ಆಯಿತು'. ಬಂತು-ಜಾಸ್ತಿ, ಧನಾತ್ಮಕ ಪುನರ್ಬಲನ. ಹೋಯಿತು-ಜಾಸ್ತಿ, ಋಣಾತ್ಮಕ ಪುನರ್ಬಲನ. ಬಂತು-ಕಡಿಮೆ, ಧನಾತ್ಮಕ ಶಿಕ್ಷೆ. ಹೋಯಿತು-ಕಡಿಮೆ, ಋಣಾತ್ಮಕ ಶಿಕ್ಷೆ. ಇಲ್ಲಿ ಧನ ಋಣ ಅಂದರೆ ಗಣಿತದ ಕೂಡು ಕಳೆ. ಒಳ್ಳೆಯದು ಕೆಟ್ಟದ್ದು ಅಲ್ಲ. ಪುನರ್ಬಲನ ಅಂದ ಮೇಲೆ, ಧನ ಇರಲಿ ಋಣ ಇರಲಿ, ವರ್ತನೆ ಜಾಸ್ತಿಯೇ ಆಗಬೇಕು.

ಯಾವ ಘಟನೆ ಕೊಟ್ಟರೂ ಕೇಳಬೇಕಾದ ನಾಲ್ಕು ಪ್ರಶ್ನೆ, ಇದೇ ಕ್ರಮದಲ್ಲಿ:

1. ಇಲ್ಲಿ ಕಲಿಯುತ್ತಿರುವುದು ಯಾರು?
2. ಅವರ ಯಾವ ವರ್ತನೆ?
3. ಆ ವರ್ತನೆ ಆದ ಮೇಲೆ ಏನಾದರೂ ಬಂತಾ, ಹೋಯಿತಾ?
4. ಮುಂದೆ ಅದೇ ವರ್ತನೆ ಜಾಸ್ತಿ ಆಗುತ್ತಾ, ಕಡಿಮೆ ಆಗುತ್ತಾ?

ಒಂದು ಸಂಜೆ ನಾನು ಬೋರ್ಡಿನ ಮೇಲೆ ಈ ಘಟನೆ ಬರೆದೆ. ಅಂಗಡಿ ಮುಂದೆ ಮಗು ಚಾಕಲೇಟಿಗೆ ರಚ್ಚೆ ಹಿಡಿದು ಅಳುತ್ತಿದೆ, ಜನ ನೋಡುತ್ತಿದ್ದಾರೆ, ಅಮ್ಮ ಚಾಕಲೇಟು ಕೊಡಿಸಿದಳು, ಮಗು ಸುಮ್ಮನಾಯಿತು. ಮೊದಲ ಬೆಂಚಿನ ಹುಡುಗ ಎದ್ದು ನಿಂತ. "ಮೇಡಂ, ಅಳೋದು ಕೆಟ್ಟ ಅಭ್ಯಾಸ ಅಲ್ವಾ, ಅದಕ್ಕೆ ಇದು ನೆಗೆಟಿವ್." ಹಿಂದಿನಿಂದ ಒಬ್ಬಳು, "ಇಲ್ಲ ಮೇಡಂ, ಚಾಕಲೇಟು ಸಿಕ್ತಲ್ಲ, ಪಾಸಿಟಿವ್." ಇಬ್ಬರೂ ಹಟ ಬಿಡಲಿಲ್ಲ.

"ನೋಡಪ್ಪ, ಆ ಅಂಗಡಿ ಮುಂದೆ ಕಲೀತಿರೋರು ಎಷ್ಟು ಜನ?"

ಅವನು ಬೋರ್ಡನ್ನೇ ನೋಡಿದ. ಸ್ವಲ್ಪ ಹೊತ್ತು ಬಿಟ್ಟು, "ಇಬ್ಬರು ಮೇಡಂ. ಅಮ್ಮನೂ ಕಲೀತಿದಾಳೆ."

"ಹಾಗಾದ್ರೆ ಎಷ್ಟು ಚೀಟಿ?"

ಎರಡು ಚೀಟಿ. ಮಗುವಿನ ಚೀಟಿ: ಅತ್ತಿತು, ಚಾಕಲೇಟು ಬಂತು, ನಾಳೆಯೂ ಅಳುತ್ತದೆ. ಧನಾತ್ಮಕ ಪುನರ್ಬಲನ. ಅಮ್ಮನ ಚೀಟಿ: ಕೊಡಿಸಿದಳು, ಕಿವಿಗೆ ಹಿಂಸೆಯಾಗಿದ್ದ ಅಳು ಹೋಯಿತು, ನಾಳೆಯೂ ಕೊಡಿಸುತ್ತಾಳೆ. ಋಣಾತ್ಮಕ ಪುನರ್ಬಲನ. ಒಂದೇ ಘಟನೆ, ಎರಡು ಉತ್ತರ, ಎರಡೂ ಸರಿ. ಮೊದಲ ಪ್ರಶ್ನೆ ಬಿಟ್ಟು ನೇರ ಮೂರನೆಯದಕ್ಕೆ ಹಾರಿದವರಿಗೆ ಇದು ಎಂದೂ ಬಿಡಿಸಲು ಬರುವುದಿಲ್ಲ.

ಅಭ್ಯಾಸಕ್ಕೆ ಇವನ್ನು ಬಿಡಿಸಿ. ತಲೆನೋವಿಗೆ ಮಾತ್ರೆ ನುಂಗಿದಿರಿ, ನೋವು ಹೋಯಿತು. ಹೆಲ್ಮೆಟ್ ಹಾಕದೆ ಹೋಗಿ ದಂಡ ಕಟ್ಟಿದ ಮೇಲೆ ಹಾಗೆ ಹೋಗುವುದು ನಿಂತಿತು. ತಡವಾಗಿ ಬಂದಿದ್ದಕ್ಕೆ ಮಗಳ ಮೊಬೈಲ್ ಎರಡು ದಿನ ಎತ್ತಿಟ್ಟರು, ತಡವಾಗಿ ಬರುವುದು ಕಡಿಮೆ ಆಯಿತು. ಮೊದಲನೆಯದು ಋಣಾತ್ಮಕ ಪುನರ್ಬಲನ, ಮೂರನೆಯದು ಋಣಾತ್ಮಕ ಶಿಕ್ಷೆ. ಎರಡನೆಯದರಲ್ಲಿ ಜಗಳ ಬರುತ್ತದೆ, ದಂಡ ಅಂದರೆ ದುಡ್ಡು ಹೋಯಿತಲ್ಲ ಅಂತ. ಹೌದು, ಹೋಗಿದ್ದು ಜೇಬಿನ ದುಡ್ಡು. ಆದ್ದರಿಂದ ಅದೂ ಋಣಾತ್ಮಕ ಶಿಕ್ಷೆಯೇ. ಪೊಲೀಸರು ನಿಲ್ಲಿಸಿ ಬೈದರು, ಬೈಗುಳ ಬಂತು ಅಂತ ಘಟನೆ ಇದ್ದಿದ್ದರೆ ಧನಾತ್ಮಕ. ಪ್ರಶ್ನೆಯಲ್ಲಿ ಏನು ಕೊಟ್ಟಿದ್ದಾರೋ ಅದಕ್ಕೆ ಮಾತ್ರ ಉತ್ತರಿಸಿ.

ಪುನರ್ಬಲನದ ವೇಳಾಪಟ್ಟಿಗೆ (ಬಹುಮಾನ ಯಾವಾಗ ಸಿಗುತ್ತದೆ ಅನ್ನುವ ಕ್ರಮಕ್ಕೆ) ಎರಡೇ ಪ್ರಶ್ನೆ: ಎಣಿಕೆಗೋ ಸಮಯಕ್ಕೋ? ನಿಗದಿಯೋ ಬದಲಾಗುತ್ತದೋ? ಬೀಡಿ ಕಟ್ಟುವವರಿಗೆ ಸಾವಿರಕ್ಕೆ ಇಷ್ಟು ಅಂತ ಕೂಲಿ, ಅದು ನಿಗದಿತ ಎಣಿಕೆ. ತಿಂಗಳ ಕೊನೇ ಶನಿವಾರ ಟೆಸ್ಟ್ ಅಂದರೆ ನಿಗದಿತ ಸಮಯ, ಅದಕ್ಕೇ ಗುರುವಾರ ಶುಕ್ರವಾರ ಮಾತ್ರ ಓದು ಜೋರು. ಮೆಸೇಜಿಗೆ ಉತ್ತರ ಬಂತಾ ಅಂತ ಮತ್ತೆ ಮತ್ತೆ ಫೋನ್ ನೋಡುವುದು ಬದಲಾಗುವ ಸಮಯ. ದುಡ್ಡು ಕಟ್ಟುವ ಜೂಜಾಟ ಬದಲಾಗುವ ಎಣಿಕೆ, ಬಿಡಿಸಲು ಅತಿ ಕಷ್ಟವಾದದ್ದೂ ಇದೇ.

ಬಂಡೂರಾ, ಕೋಹ್ಲರ್, ಟೋಲ್ಮನ್ ಕೂಡ ಇದೇ ಪಾಠದಲ್ಲಿ ಇದ್ದಾರೆ, ಆದರೆ ಅವರಲ್ಲಿ ಗೊಂದಲ ಕಡಿಮೆ. ಬಂಡೂರಾನ ಬೊಂಬೆ ಪ್ರಯೋಗದಲ್ಲಿ ದೊಡ್ಡವರು ಬೊಂಬೆಗೆ ಹೊಡೆಯುವುದನ್ನು ಮಕ್ಕಳು ನೋಡಿ ಕಲಿತರು, ಕೋಹ್ಲರ್‌ನ ಚಿಂಪಾಂಜಿ ಸುಲ್ತಾನ್ ಕೋಲುಗಳನ್ನು ಜೋಡಿಸಿದ್ದು ಒಳನೋಟ, ಟೋಲ್ಮನ್‌ನ ಇಲಿಗಳು ಬಹುಮಾನ ಇಲ್ಲದೆಯೂ ದಾರಿ ಕಲಿತಿದ್ದವು. ಒಂದೊಂದಕ್ಕೆ ಒಂದು ಚೀಟಿ ಸಾಕು.

ಹಂತ 4. ನೆನಪು: ಗಡಿಯಾರ ನೋಡಿ ಹೆಸರಿಡಿ

ಮಾಮೂಲಿ ತಪ್ಪು: 'ನಿನ್ನೆ ಓದಿದ್ದು ಮರೆತುಹೋಯಿತು, ನನಗೆ ಶಾರ್ಟ್ ಟರ್ಮ್ ಮೆಮೊರಿ ಲಾಸ್.' ಅಲ್ಪಾವಧಿ ಸ್ಮೃತಿಯ ಆಯಸ್ಸು ಸೆಕೆಂಡುಗಳಲ್ಲಿ. ಮನಸ್ಸಿನಲ್ಲೇ ಹೇಳಿಕೊಳ್ಳಲು ಬಿಡದೆ ಪರೀಕ್ಷಿಸಿದರೆ 18 ಸೆಕೆಂಡಿನಷ್ಟರಲ್ಲಿ ಹೆಚ್ಚಿನದು ಹೋಗಿರುತ್ತದೆ ಅಂತ ಪೀಟರ್‌ಸನ್ ದಂಪತಿ 1959ರಲ್ಲಿ ತೋರಿಸಿದರು. ನಿನ್ನೆಯದು, ಒಂದು ಗಂಟೆ ಹಿಂದಿನದು, ಹತ್ತು ನಿಮಿಷ ಹಿಂದಿನದು, ಎಲ್ಲವೂ ದೀರ್ಘಾವಧಿಯ ಲೆಕ್ಕ.

ಇದಕ್ಕೆ ಒಂದು ಒಳ್ಳೆಯ ಕೇಸು, ಪುಸ್ತಕಗಳಲ್ಲಿ ಎಚ್.ಎಂ. ಅಂತ ಬರುವ ರೋಗಿ. ಮೂರ್ಛೆ ರೋಗಕ್ಕೆ 1953ರಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಮೆದುಳಿನ ಎರಡೂ ಬದಿಯ ಹಿಪ್ಪೊಕ್ಯಾಂಪಸ್‌ನ ದೊಡ್ಡ ಭಾಗ ತೆಗೆದರು. ಆಮೇಲೆ ಅವರು ಕೇಳಿದ ಅಂಕಿಗಳನ್ನು ತಕ್ಷಣ ಹೇಳಬಲ್ಲವರಾಗಿದ್ದರು, ಅಂದರೆ ಅಲ್ಪಾವಧಿ ಸರಿ ಇತ್ತು. ಆದರೆ ಹೊಸ ಘಟನೆ ಒಂದೂ ಉಳಿಯುತ್ತಿರಲಿಲ್ಲ. ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರ ಬಿಡಿಸುವ ಕೆಲಸದಲ್ಲಿ ಮಾತ್ರ ದಿನದಿಂದ ದಿನಕ್ಕೆ ಪಳಗಿದರು, ಹಿಂದಿನ ದಿನ ಮಾಡಿದ್ದು ನೆನಪೇ ಇಲ್ಲದೆ. ಕೈಯ ಕಲಿಕೆ ಬೇರೆ, ಘಟನೆಯ ನೆನಪು ಬೇರೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗುವುದಿಲ್ಲ.

ಅಲ್ಪಾವಧಿಯ ಅಳತೆ 7ಕ್ಕೆ 2 ಜಾಸ್ತಿ ಅಥವಾ ಕಡಿಮೆ ಅಂತ ಮಿಲ್ಲರ್ 1956ರಲ್ಲಿ ಹೇಳಿದ್ದು. ಇದು ಏಳು ಅಕ್ಷರ ಅಂತಲ್ಲ, ಏಳು ಗೊಂಚಲು. ಹತ್ತು ಅಂಕಿಯ ಮೊಬೈಲ್ ನಂಬರನ್ನು ಐದೈದು ಮಾಡಿ ಹೇಳುತ್ತೇವಲ್ಲ, ಹಾಗೆ.

ಇನ್ನು ಪ್ರೊಆಕ್ಟಿವ್, ರೆಟ್ರೋಆಕ್ಟಿವ್ ಅಡ್ಡಿ, ಅಂದರೆ ಒಂದು ನೆನಪು ಇನ್ನೊಂದಕ್ಕೆ ಅಡ್ಡ ಬರುವುದು. ವ್ಯಾಖ್ಯೆ ಬೇಡ, ಒಂದೇ ಪ್ರಶ್ನೆ ಕೇಳಿ: ಮರೆತಿದ್ದು ಯಾವುದು, ಹಳೆಯದೋ ಹೊಸದೋ? ಎಟಿಎಂ ಪಿನ್ ಬದಲಿಸಿದ್ದೀರಿ, ಕೈ ಹಳೇ ಪಿನ್ನನ್ನೇ ಒತ್ತುತ್ತದೆ, ಹೊಸದು ಬರುತ್ತಿಲ್ಲ. ಹೊಸದು ಮರೆತರೆ ಪ್ರೊಆಕ್ಟಿವ್. ಆರು ತಿಂಗಳಾದ ಮೇಲೆ ಹಳೇ ಪಿನ್ ಏನಿತ್ತು ಅಂತ ಎಷ್ಟು ಯೋಚಿಸಿದರೂ ಬರುವುದಿಲ್ಲ. ಹಳೆಯದು ಮರೆತರೆ ರೆಟ್ರೋಆಕ್ಟಿವ್. 'ರೆಟ್ರೋ' ಹಾಡು ಅಂದರೆ ಹಳೇ ಹಾಡು, ಅಷ್ಟು ನೆನಪಿಟ್ಟರೆ ಸಾಕು.

ನೆನಪು ಅಂದರೆ ವಿಡಿಯೋ ರೆಕಾರ್ಡಿಂಗ್ ಅಂತ ಎಲ್ಲೂ ಬರೆಯಬೇಡಿ. ಲಾಫ್ಟಸ್ ಮತ್ತು ಪಾಮರ್ 1974ರಲ್ಲಿ ಒಂದೇ ಥರದ ಅಪಘಾತದ ದೃಶ್ಯ ತೋರಿಸಿ, ಕಾರುಗಳು 'ಅಪ್ಪಳಿಸಿದಾಗ' ವೇಗ ಎಷ್ಟಿತ್ತು ಅಂತ ಕೆಲವರಿಗೆ, 'ತಾಗಿದಾಗ' ಎಷ್ಟಿತ್ತು ಅಂತ ಕೆಲವರಿಗೆ ಕೇಳಿದರು. ಮೊದಲಿನವರ ಸರಾಸರಿ ಗಂಟೆಗೆ 40.5 ಮೈಲಿ, ಎರಡನೆಯವರದ್ದು 31.8. ಬದಲಾಗಿದ್ದು ಒಂದು ಕ್ರಿಯಾಪದ ಮಾತ್ರ.

ಹಂತ 5. ವ್ಯಕ್ತಿತ್ವ: ಮೂರು ರಾಶಿ ಮಾಡಿ

ಈ ಪಾಠದಲ್ಲಿ ಹೆಸರುಗಳು ಜಾಸ್ತಿ. ಅದಕ್ಕೆ ಓದುವ ಮೊದಲೇ ಚೀಟಿಗಳನ್ನು ಮೂರು ರಾಶಿ ಮಾಡಿಕೊಳ್ಳಿ. 'ಹೇಗಿದ್ದಾರೆ' ಅನ್ನುವವರು: ಆಲ್‌ಪೋರ್ಟ್, ಕ್ಯಾಟೆಲ್, ಐಸೆಂಕ್, ಐದು ಗುಣಗಳ ಮಾದರಿ. 'ಯಾಕೆ ಹಾಗಿದ್ದಾರೆ' ಅನ್ನುವವರು: ಫ್ರಾಯ್ಡ್, ಆಡ್ಲರ್, ರೋಜರ್ಸ್, ಬಂಡೂರಾ. 'ಅಳೆಯುವುದು ಹೇಗೆ' ಅನ್ನುವವು: ರೋರ್‌ಶಾಕ್‌ನ 10 ಮಸಿ ಚಿತ್ರಗಳು, ಟಿಎಟಿ (ಚಿತ್ರ ತೋರಿಸಿ ಕಥೆ ಹೇಳಿಸುವುದು), ಕ್ಯಾಟೆಲ್‌ನ 16 ಅಂಶಗಳ ಪ್ರಶ್ನಾವಳಿ, ಎಂಎಂಪಿಐ ಅನ್ನುವ ಇನ್ನೊಂದು ಪ್ರಶ್ನಾವಳಿ. ಯೂಂಗ್ ಮೊದಲನೆಯದಕ್ಕೂ ಎರಡನೆಯದಕ್ಕೂ ಸೇರುತ್ತಾನೆ, ಅವನಿಗೆ ಎರಡು ಚೀಟಿ ಮಾಡಿ. ಫ್ರಾಯ್ಡ್‌ನನ್ನೂ ಕ್ಯಾಟೆಲ್‌ನನ್ನೂ ಹೋಲಿಸಿ ಅಂತ ಪ್ರಶ್ನೆ ಬಂದಾಗ ಕಂಗಾಲಾಗುವುದು ಇಬ್ಬರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾರೆ ಅಂತ ಗೊತ್ತಿಲ್ಲದ್ದರಿಂದ.

ಐದು ಗುಣಗಳಲ್ಲಿ ಪ್ರತಿಯೊಂದೂ ಒಂದು ಅಳತೆ ಕೋಲು. ಮನುಷ್ಯರನ್ನು ಹಾಕುವ ಡಬ್ಬಿ ಅಲ್ಲ. ಅಂತರ್ಮುಖಿ, ಬಹಿರ್ಮುಖಿ ಎರಡೇ ಜಾತಿ ಅನ್ನುವ ಹಾಗೆ ಬರೆಯಬೇಡಿ, ಹೆಚ್ಚಿನವರು ನಡುವೆ ಇರುತ್ತಾರೆ. ಅಂತರ್ಮುಖಿ ಅಂದರೆ ನಾಚಿಕೆ ಸ್ವಭಾವ ಅಲ್ಲ. ನಾಚಿಕೆಯವರಿಗೆ ಜನರ ಭಯ, ಅಂತರ್ಮುಖಿಗಳಿಗೆ ಗದ್ದಲ ಸಾಕಾಗುತ್ತದೆ ಅಷ್ಟೇ. ನ್ಯೂರಾಟಿಸಿಸಂ ಕೂಡ ರೋಗದ ಹೆಸರಲ್ಲ, ಬೇಗ ಕಳವಳಗೊಳ್ಳುವ ಗುಣದ ಅಳತೆ.

ಫ್ರಾಯ್ಡ್ ಪಾಠದ ರಕ್ಷಣಾ ತಂತ್ರಗಳನ್ನು (ಕಳವಳದಿಂದ ತಪ್ಪಿಸಿಕೊಳ್ಳಲು ಮನಸ್ಸು ಹೂಡುವ ಉಪಾಯಗಳು) ನಮ್ಮ ಗಾದೆಗಳಿಂದ ಹಿಡಿಯಬಹುದು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ: ಕೋಪ ಅದೇ, ಗುರಿ ಬದಲಾಯಿತು, ಡಿಸ್‌ಪ್ಲೇಸ್‌ಮೆಂಟ್. ಕುಣಿಯಲಾರದವಳು ನೆಲ ಡೊಂಕು ಅಂದಳು: ಸೋಲಿಗೆ ಒಪ್ಪುವಂಥ ಕಾರಣ ಕಟ್ಟಿದಳು, ರ್‍ಯಾಷನಲೈಸೇಷನ್. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವುದನ್ನು ಪ್ರೊಜೆಕ್ಷನ್ ಅಂತ ಬರೆಯುತ್ತಾರೆ, ಅದು ತಪ್ಪು. ಅವನು ತನ್ನ ತಪ್ಪನ್ನು ಬೇರೆಯವರ ಮೇಲೆ ಹೊರಿಸಲಿಲ್ಲ, ತಾನೇ ಸಿಕ್ಕಿಬಿದ್ದ. ತನಗೆ ಸುಳ್ಳು ಹೇಳುವ ಚಟ ಇದ್ದು, ಊರಿನವರೆಲ್ಲ ಸುಳ್ಳುಗಾರರು ಅಂತ ಕಾಣುವುದು ಪ್ರೊಜೆಕ್ಷನ್.

ಎಚ್ಚರಿಕೆ: ಮೊಬೈಲಿನ ಹತ್ತು ಪ್ರಶ್ನೆಯ ವ್ಯಕ್ತಿತ್ವ ಪರೀಕ್ಷೆಯ ಫಲಿತಾಂಶ ಓದಿ 'ಅಯ್ಯೋ, ನನ್ನನ್ನೇ ನೋಡಿ ಬರೆದ ಹಾಗಿದೆ' ಅನ್ನಿಸಿದರೆ ಮನಶ್ಶಾಸ್ತ್ರಜ್ಞ ಫೋರರ್‌ನ ತರಗತಿಯನ್ನು ನೆನೆಸಿಕೊಳ್ಳಿ. ಅವನು ಎಲ್ಲ ವಿದ್ಯಾರ್ಥಿಗಳಿಗೂ ಒಂದೇ ವಿವರಣೆ ಕೊಟ್ಟು, ಇದು ನಿಮ್ಮದೇ ಅಂದ. ಅವರು ಅದಕ್ಕೆ 5ಕ್ಕೆ ಸರಾಸರಿ 4ಕ್ಕಿಂತ ಜಾಸ್ತಿ ಅಂಕ ಕೊಟ್ಟರು. ಆ ಸಾಲುಗಳನ್ನು ಅವನು ತೆಗೆದುಕೊಂಡಿದ್ದು ಜ್ಯೋತಿಷ್ಯದ ಪುಸ್ತಕದಿಂದ.

ಹಂತ 6. ಅಸ್ವಸ್ಥತೆ: ಇಲ್ಲಂತೂ ಹೆಸರು ಕೊನೆಗೇ

ಬೇರೆ ಪಾಠಗಳಲ್ಲಿ ಹೆಸರು ಮೊದಲೇ ಹೇಳಿದರೆ ಅಂಕ ಹೋಗುತ್ತದೆ. ಇಲ್ಲಿ ಒಬ್ಬ ಮನುಷ್ಯನ ಮೇಲೆ ಹಣೆಪಟ್ಟಿ ಬೀಳುತ್ತದೆ. ಪ್ರಶ್ನೆಗಳ ಕ್ರಮ ತಪ್ಪಿಸಬೇಡಿ.

1. ಆ ವ್ಯಕ್ತಿಗೆ ಸಂಕಟ ಇದೆಯಾ? ಕೆಲಸ, ಓದು, ಮನೆ, ನಿದ್ದೆ ಕೆಟ್ಟಿದೆಯಾ? ತನಗೋ ಇತರರಿಗೋ ಅಪಾಯ ಇದೆಯಾ?
2. ಎಷ್ಟು ದಿನದಿಂದ?
3. ದೇಹದ ಕಾಯಿಲೆ, ಔಷಧಿ, ಕುಡಿತದಿಂದ ಹೀಗಾಗಿರಬಹುದಾ? ಥೈರಾಯ್ಡ್ ಕಡಿಮೆಯಾದರೂ ಖಿನ್ನತೆಯ ಹಾಗೇ ಕಾಣುತ್ತದೆ.
4. ಆ ಊರಿನ, ಆ ಸಮುದಾಯದ ಆಚರಣೆಯಲ್ಲಿ ಇದು ಒಪ್ಪಿತವಾದದ್ದಾ?
5. ಇಷ್ಟಾದ ಮೇಲೆ, ಯಾವ ಹೆಸರು?

ನಾಲ್ಕನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕರಾವಳಿಯ ಕೋಲದಲ್ಲಿ ದೈವ ಮೈಮೇಲೆ ಬಂದವರು ನಡುಗುತ್ತಾರೆ, ಬೇರೆ ದನಿಯಲ್ಲಿ ನುಡಿ ಕೊಡುತ್ತಾರೆ. ಕೋಲ ಮುಗಿದ ಮೇಲೆ ಮರುದಿನ ತಮ್ಮ ಕೆಲಸಕ್ಕೆ ಹೋಗುತ್ತಾರೆ. ಇದು ರೋಗ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 (ರೋಗಗಳ ಪಟ್ಟಿ) ಕೂಡ, ಸಮುದಾಯ ಒಪ್ಪಿದ ಆಚರಣೆಯ ಭಾಗವಾಗಿ ಬರುವ ಆವೇಶವನ್ನು ಅಸ್ವಸ್ಥತೆಯಿಂದ ಹೊರಗಿಡುತ್ತದೆ.

ಅವಧಿಗಳಿಗೆ ಒಂದು ಪ್ರತ್ಯೇಕ ಪುಟ ಇರಲಿ. ಅಮೆರಿಕದ ಡಿಎಸ್‌ಎಂ-5 (ಮಾನಸಿಕ ಅಸ್ವಸ್ಥತೆಗಳ ಕೈಪಿಡಿ) ಪ್ರಕಾರ ಖಿನ್ನತೆಗೆ 9 ಲಕ್ಷಣಗಳಲ್ಲಿ ಕನಿಷ್ಠ 5, ಎರಡು ವಾರ, ಆ ಐದರಲ್ಲಿ ಬೇಸರದ ಮನಸ್ಥಿತಿ ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಇರಲೇಬೇಕು. ಮೇನಿಯಾಕ್ಕೆ (ಮಿತಿ ಮೀರಿದ ಉತ್ಸಾಹದ ಸ್ಥಿತಿ) ಒಂದು ವಾರ. ಸಾಮಾನ್ಯೀಕೃತ ಆತಂಕಕ್ಕೆ 6 ತಿಂಗಳು. ಆಘಾತದ ನಂತರದ ಪಿಟಿಎಸ್‌ಡಿಗೆ ಒಂದು ತಿಂಗಳಿಗಿಂತ ಜಾಸ್ತಿ. ಸ್ಕಿಜೋಫ್ರೀನಿಯಾಕ್ಕೆ ಡಿಎಸ್‌ಎಂನಲ್ಲಿ 6 ತಿಂಗಳು, ಐಸಿಡಿಯಲ್ಲಿ ಒಂದು ತಿಂಗಳು. ಎರಡು ಪುಸ್ತಕ ಓದಿದವರು ಇಲ್ಲಿ ಗಲಿಬಿಲಿಯಾಗುತ್ತಾರೆ, ಉತ್ತರದಲ್ಲಿ ಯಾವುದರ ಪ್ರಕಾರ ಅಂತ ಬರೆದುಬಿಡಿ.

ಮತ್ತೆ ಮತ್ತೆ ಕಾಣುವ ತಪ್ಪುಗಳು. ಸ್ಕಿಜೋಫ್ರೀನಿಯಾ ಅಂದರೆ ಒಬ್ಬರಲ್ಲಿ ಇಬ್ಬರು ಇರುವುದಲ್ಲ. ಬೆಳಿಗ್ಗೆ ಖುಷಿ ಸಂಜೆ ಕೋಪ ಬೈಪೋಲಾರ್ ಅಲ್ಲ. ಮನೆ ಚೊಕ್ಕಟ ಇಟ್ಟುಕೊಳ್ಳುವುದು ಗೀಳು ರೋಗ ಅಲ್ಲ. ಗೀಳಿನಲ್ಲಿ ಬೇಡವೆಂದರೂ ನುಗ್ಗುವ ಯೋಚನೆ ಅಬ್ಸೆಷನ್, ಅದರ ಕಳವಳ ತಗ್ಗಲಿ ಅಂತ ಮಾಡುವ ಕೆಲಸ ಕಂಪಲ್ಷನ್. ಕೈ ತೊಳೆದ ತಕ್ಷಣ ಕಳವಳ ಹೋಗುತ್ತದೆ, ಹಾಗಾಗಿ ಮತ್ತೆ ತೊಳೆಯುತ್ತಾರೆ. ಮೂರನೇ ಹಂತದ ನಾಲ್ಕು ಮನೆಯಲ್ಲಿ ಇದು ಯಾವ ಮನೆ ಅಂತ ನೋಡಿ, ಋಣಾತ್ಮಕ ಪುನರ್ಬಲನ.

ಕನ್ನಡದಲ್ಲಿ ಓದುವವರಿಗೆ ಇನ್ನೊಂದು ತೊಂದರೆ ಇದೆ. ಹ್ಯಾಲುಸಿನೇಷನ್, ಡೆಲ್ಯೂಷನ್ ಎರಡಕ್ಕೂ ಒಬ್ಬೊಬ್ಬರು ಒಂದೊಂದು ಥರ ಭ್ರಮೆ, ಭ್ರಾಂತಿ ಅಂತ ಅದಲು ಬದಲು ಮಾಡಿ ಬರೆಯುತ್ತಾರೆ. ಇಂಗ್ಲಿಷ್ ಪದವನ್ನೇ ಕನ್ನಡದಲ್ಲಿ ಬರೆದು ಪಕ್ಕದಲ್ಲಿ ಅರ್ಥ ಬರೆಯಿರಿ. ಯಾರೂ ಇಲ್ಲದಿದ್ದರೂ ದನಿ ಕೇಳಿಸುವುದು ಹ್ಯಾಲುಸಿನೇಷನ್, ಅದು ಇಂದ್ರಿಯದ್ದು. ಪಕ್ಕದ ಮನೆಯವರು ನೀರಿಗೆ ವಿಷ ಹಾಕುತ್ತಿದ್ದಾರೆ ಅಂತ, ಎಷ್ಟು ಸಾಕ್ಷಿ ತೋರಿಸಿದರೂ ಅಲುಗದ ನಂಬಿಕೆ ಡೆಲ್ಯೂಷನ್, ಅದು ಯೋಚನೆಯದ್ದು.

ಈ ಪಾಠ ಓದುವಾಗ ಎಲ್ಲ ರೋಗವೂ ತನಗೇ ಇದೆ ಅನ್ನಿಸುವುದು ಸಹಜ. ಒಬ್ಬ ಹುಡುಗಿ ಖಿನ್ನತೆಯ ಒಂಬತ್ತು ಲಕ್ಷಣಗಳಲ್ಲಿ ಆರಕ್ಕೆ ಟಿಕ್ ಹಾಕಿ ತಂದು ತೋರಿಸಿದಳು. ಎಷ್ಟು ದಿನದಿಂದ ಅಂತ ಕೇಳಿದೆ, ನಾಲ್ಕು ದಿನ. ರಾತ್ರಿ ಎರಡರವರೆಗೆ ಓದುತ್ತಿದ್ದಳು, ನಿದ್ದೆ ಇರಲಿಲ್ಲ, ಊಟ ಸೇರುತ್ತಿರಲಿಲ್ಲ. ಒಂದು ವಾರ ಹತ್ತೂವರೆಗೆ ಮಲಗಮ್ಮ ಅಂದೆ, ಸರಿಹೋಯಿತು. ಇನ್ನೊಬ್ಬ ಹುಡುಗ ಟಿಕ್ ಏನೂ ಹಾಕಿರಲಿಲ್ಲ. ಎರಡು ತಿಂಗಳಿಂದ ಯಾರ ಜೊತೆಗೂ ಮಾತಿಲ್ಲ, ಕ್ರಿಕೆಟ್ ಬಿಟ್ಟಿದ್ದ, ನೋಟ್‌ಬುಕ್ ಖಾಲಿ. ಅವನ ಅಪ್ಪನ ಜೊತೆ ಮಾತಾಡಿ ಡಾಕ್ಟರ ಹತ್ತಿರ ಕಳಿಸಿದೆವು. ಎಷ್ಟು ದಿನದಿಂದ, ಬದುಕು ಎಷ್ಟು ಕೆಟ್ಟಿದೆ, ಈ ಎರಡು ಪ್ರಶ್ನೆಯೇ ಇಬ್ಬರ ನಡುವಿನ ವ್ಯತ್ಯಾಸ ತೋರಿಸಿದ್ದು.

ನಿಮಗೋ ಮನೆಯವರಿಗೋ ಎರಡು ವಾರ ಮೀರಿ ಹೀಗಿದ್ದರೆ ಪಠ್ಯಪುಸ್ತಕ ಪಕ್ಕಕ್ಕಿಡಿ. ಸಾಯಬೇಕು ಅನ್ನುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ, ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಸೈಕಾಲಜಿ ಓದಿದ ಮಾತ್ರಕ್ಕೆ ನೀವೇ ಔಷಧಿ ಹೇಳುವುದು, ಡಾಕ್ಟರು ಕೊಟ್ಟದ್ದನ್ನು ನಿಲ್ಲಿಸಿ ಅನ್ನುವುದು, ಎರಡೂ ಬೇಡ.

ಹಂತ 7. ಕೊನೆಯ ಹತ್ತು ದಿನ

ನಾಲ್ಕೂ ಪಾಠದ ಚೀಟಿಗಳನ್ನು ಕಲಸಿಬಿಡಿ. ಪಾಠವಾರು ಇಟ್ಟುಕೊಂಡರೆ ಉತ್ತರ ಯಾವ ಪಾಠದ್ದು ಅಂತ ಮೊದಲೇ ಗೊತ್ತಿರುತ್ತದೆ, ಪರೀಕ್ಷೆಯಲ್ಲಿ ಆ ಸುಳಿವು ಇರುವುದಿಲ್ಲ. ದಿನಕ್ಕೆ ಮೂವತ್ತು ಚೀಟಿ ತೆಗೆದು ಬಾಯಲ್ಲಿ ಹೇಳುವುದಲ್ಲ, ಬರೆದು ಉತ್ತರಿಸಿ. ತಪ್ಪಾದದ್ದರ ಮೂಲೆ ಮಡಚಿ. ಮರುದಿನ ಮೂಲೆ ಮಡಚಿದವುಗಳಿಂದಲೇ ಶುರು. ಸತತ ಮೂರು ದಿನ ಸರಿ ಬಂದ ಮೇಲೆ ಮಾತ್ರ ಅದನ್ನು ಪಕ್ಕಕ್ಕಿಡಿ.

ನಾಲ್ಕನೇ ದಿನವೂ ಅದೇ ಚೀಟಿ ತಪ್ಪಾಗುತ್ತಿದ್ದರೆ ನೀವು ಉದಾಹರಣೆಯನ್ನೇ ಬಾಯಿಪಾಠ ಮಾಡುತ್ತಿದ್ದೀರಿ. ಆ ಚೀಟಿ ಹರಿದುಹಾಕಿ, ನಿಮ್ಮ ಮನೆಯಲ್ಲೇ ಆ ವಾರ ನಡೆದ ಒಂದು ಘಟನೆಯಿಂದ ಹೊಸದು ಬರೆಯಿರಿ. ಹಿಂದಿನ ರಾತ್ರಿ ಹೊಸ ಪಾಠ ಮುಟ್ಟಬೇಡಿ, ನಿದ್ದೆ ಮಾಡಿ. ಕಲಿತದ್ದು ಗಟ್ಟಿಯಾಗುವುದಕ್ಕೆ ನಿದ್ದೆ ಬೇಕು.

ಟಿಇಟಿಯಂಥ ಪರೀಕ್ಷೆಯಲ್ಲಿ ಘಟನೆ ಕೊಟ್ಟು ನಾಲ್ಕು ಆಯ್ಕೆ ಕೊಟ್ಟಿರುತ್ತಾರೆ. ಪ್ರಶ್ನೆ ಓದುವಾಗ ಆಯ್ಕೆಗಳನ್ನು ಎಡಗೈಯಿಂದ ಮುಚ್ಚಿ. ಯಾರು, ಯಾವ ವರ್ತನೆ, ಬಂತೋ ಹೋಯಿತೋ, ಎಷ್ಟು ದಿನ, ಇದನ್ನೆಲ್ಲ ಮನಸ್ಸಿನಲ್ಲಿ ಕೇಳಿಕೊಂಡು ಉತ್ತರ ಹೇಳಿಕೊಂಡ ಮೇಲೆ ಕೈ ತೆಗೆಯಿರಿ.